ಹಿಂದಿನಿಂದ ಗುದ್ದಿಸಿಕೊಂಡ ಪಿಕಪ್: ಕಣ್ಣಿಗೆ ಕಾಣದ ಪೆಟ್ಟನ್ನು ನೀವೇ ಪತ್ತೆ ಮಾಡೋದು ಹೇಗೆ?

ಕಳೆದ ವರ್ಷ ಜುಲೈ ತಿಂಗಳು. ಬೆಳಗಿನ ಜಾವ ನಾಲ್ಕೂವರೆಗೆ ಮುಳಬಾಗಿಲು ಕಡೆಯಿಂದ ಕೋಲಾರದ ಎಪಿಎಂಸಿಗೆ ಹೊರಟಿದ್ದೆ. ಪಿಕಪ್ ತುಂಬ ಟೊಮೆಟೊ, 15 ಕೆಜಿಯ 90 ಕ್ರೇಟು. ಹೈವೇಯಲ್ಲಿ ಹಸು ಅಡ್ಡ ಬಂತು, ಬ್ರೇಕ್ ತುಳಿದೆ. ಗಾಡಿ ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಹಿಂದೆ ಬರ್ತಿದ್ದ ಕ್ಯಾಂಟರ್ ಬಲಗಡೆ ಮೂಲೆಗೆ ಬಂದು ಗುದ್ದಿತು. ಇಳಿದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಹಿಂದಿನ ಗಾರ್ಡ್ ಬಗ್ಗಿತ್ತು, ಬಲಗಡೆ ಟೈಲ್ ಲ್ಯಾಂಪ್ ಪುಡಿಯಾಗಿತ್ತು, ಹಿಂದಿನ ಡೋರ್ ಒಳಕ್ಕೆ ಒತ್ತಿಕೊಂಡಿತ್ತು. ನಾಲ್ಕೈದು ಕ್ರೇಟಿನ ಹಣ್ಣು ರಸ ಆಗಿತ್ತು. ಅಷ್ಟೇ ಅಂದುಕೊಂಡೆ.

ಕ್ಯಾಂಟರ್ ಓಡಿಸುತ್ತಿದ್ದವನು ಚಿಕ್ಕ ಹುಡುಗ, ಕೈ ನಡುಗುತ್ತಿತ್ತು. "ಅಣ್ಣಾ, ಕೇಸು ಗೀಸು ಬೇಡ ಅಣ್ಣಾ. ಓನರ್‌ಗೆ ಹೇಳಿ ಐದು ಸಾವಿರ ಈಗಲೇ ಹಾಕಿಸ್ತೀನಿ" ಅಂದ. ನನಗೂ ಹರಾಜಿನ ಹೊತ್ತು ಮೀರುತ್ತೆ ಅನ್ನೋ ಚಿಂತೆ. ದುಡ್ಡು ಫೋನಿಗೆ ಬಂತು. ಅವನ ಓನರ್ ವಾಟ್ಸಾಪ್‌ನಲ್ಲಿ ಕೇಳಿದ ಹಾಗೆ 'ಇನ್ನು ನನ್ನ ಕಡೆಯಿಂದ ಯಾವ ತಕರಾರೂ ಇಲ್ಲ' ಅಂತ ಒಂದು ಸಾಲು ಬರೆದು ಕಳಿಸಿಯೂ ಬಿಟ್ಟೆ. ಟಿಂಕರಿಂಗ್‌ಗೆ, ಲ್ಯಾಂಪಿಗೆ ಸೇರಿ ಮೂರೂವರೆ ಸಾವಿರ ಆಯ್ತು. ಒಂದೂವರೆ ಸಾವಿರ ಉಳೀತಲ್ಲ ಅಂತ ಮನೇಲಿ ಹೇಳಿಕೊಂಡೂ ಇದ್ದೆ.

ಒಂಬತ್ತನೇ ದಿನ ಲೋಡ್ ಹಾಕಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಗಾಡಿಯ ಹಿಂಭಾಗ ಬಲಕ್ಕೆ ಜಾರಿತು. ಪುಣ್ಯಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಆಗ ನೆನಪಾಯ್ತು, ಗುದ್ದಿದ ದಿನದಿಂದಲೂ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿದರೇನೇ ಗಾಡಿ ನೇರ ಹೋಗ್ತಿತ್ತು. ರಸ್ತೆಯೇ ಹಾಗಿದೆ ಅಂತ ಸುಮ್ಮನಿದ್ದೆ. ಗ್ಯಾರೇಜಿನಲ್ಲಿ ಮೇಸ್ತ್ರಿ ಕೆಳಗೆ ಮಲಗಿ ಎರಡು ನಿಮಿಷ ನೋಡಿದ್ದಷ್ಟೆ. "ಏನಣ್ಣ, ಹೌಸಿಂಗೇ ಜರುಗಿದೆ. ಇದರಲ್ಲಿ ಲೋಡ್ ಹೊಡೀತಿದ್ರಾ?" ಅಂದರು.

ಬಲಗಡೆ ಲೀಫ್ ಸ್ಪ್ರಿಂಗಿನ ಸೆಂಟರ್ ಬೋಲ್ಟ್ ಕತ್ತರಿಸಿಹೋಗಿತ್ತು. ಹಿಂದಿನ ಆಕ್ಸಲ್ ಬಲಗಡೆ 14 ಮಿ.ಮೀ. ಹಿಂದಕ್ಕೆ ಹೋಗಿತ್ತು. ಚಾಸಿಯ ಬಲಗಡೆ ಕಂಬಿಯ ತುದಿ ಬಗ್ಗಿತ್ತು. ಬ್ರೇಕ್ ಪೈಪು ಒಂದು ಕಡೆ ಚಾಸಿಗೆ ಉಜ್ಜಿ ಉಜ್ಜಿ ಹೊಳೀತಾ ಇತ್ತು. ಎಲ್ಲ ಸೇರಿ 38 ಸಾವಿರ, ಜೊತೆಗೆ ಸೀಸನ್ನಿನಲ್ಲಿ ಆರು ದಿನ ಬಾಡಿಗೆ ಗಾಡಿ. ಐದು ಸಾವಿರಕ್ಕೆ ನಾನು ಬಿಟ್ಟುಕೊಟ್ಟಿದ್ದು ಇದನ್ನೆಲ್ಲ.

ಆಮೇಲೆ ಆ ಮೇಸ್ತ್ರಿಯಿಂದಲೇ ಕೇಳಿ ಕಲಿತು, ಎರಡು ಮೂರು ಗಾಡಿಗಳ ಮೇಲೆ ಮಾಡಿ ನೋಡಿದ ಮೇಲೆ ಇದನ್ನು ಬರೀತಿದ್ದೀನಿ. ಟೇಪು, ದಾರ, ತೂಗುಗುಂಡು, ಸೀಮೆಸುಣ್ಣ, ಮೊಬೈಲ್ ಇದ್ದರೆ ಸಾಕು, ಅರ್ಧ ದಿನದ ಕೆಲಸ.

ಪೆಟ್ಟು ಬಿದ್ದಿದ್ದು ಒಂದು ಕಡೆ, ಗಾಯ ಇನ್ನೊಂದು ಕಡೆ

ಕಾರುಗಳಲ್ಲಿ ಹಿಂಭಾಗದ ತಗಡು ಮುದುರಿ ಪೆಟ್ಟನ್ನು ನುಂಗಿಕೊಳ್ಳುವ ಹಾಗೆ ಮಾಡಿರುತ್ತಾರೆ. ನಮ್ಮ ಪಿಕಪ್‌ಗಳು ಹಾಗಲ್ಲ. ಕೆಳಗೆ ಏಣಿ ಥರದ ಚಾಸಿ ಇರುತ್ತೆ. ಎರಡು ಉದ್ದ ಕಂಬಿ, ನಡುವೆ ಅಡ್ಡಪಟ್ಟಿಗಳು. ಅದರ ಮೇಲೆ ಮುಂದೆ ಕ್ಯಾಬಿನ್, ಹಿಂದೆ ಲೋಡ್ ಬಾಡಿ ಬೇರೆ ಬೇರೆಯಾಗಿ ಕೂತಿರುತ್ತವೆ. ಹಿಂದಿನ ಗಾರ್ಡನ್ನು ನೇರವಾಗಿ ಈ ಚಾಸಿಗೇ ಬೋಲ್ಟ್ ಮಾಡಿರುತ್ತಾರೆ. ಗಟ್ಟಿ ಕಬ್ಬಿಣ ಅಷ್ಟು ಸುಲಭಕ್ಕೆ ಮುದುರಲ್ಲ, ಪೆಟ್ಟನ್ನು ಮುಂದಕ್ಕೆ ದಾಟಿಸುತ್ತೆ. ಎಲ್ಲಿ ಮೆತ್ತಗಿದೆಯೋ, ಎಲ್ಲಿ ಜೋಡಣೆ ಇದೆಯೋ ಅಲ್ಲಿ ಅದು ಹೊರಗೆ ಬರುತ್ತೆ. ಸ್ಪ್ರಿಂಗ್ ಬ್ರಾಕೆಟ್, ಸೆಂಟರ್ ಬೋಲ್ಟ್, ಆಕ್ಸಲ್ ಮೇಲೆ ಚಾಸಿ ಎತ್ತರಕ್ಕೆ ಬಗ್ಗುವ ತಿರುವು, ಗೇರ್‌ಬಾಕ್ಸ್ ಕೂತಿರುವ ರಬ್ಬರ್, ಕ್ಯಾಬಿನ್ ಕೆಳಗಿನ ರಬ್ಬರ್ ಇವೇ ಆ ಜಾಗಗಳು.

ನನ್ನ ಗಾಡೀಲಿ ಬೋಲ್ಟ್ ಕತ್ತರಿಸಿದ್ದು ಯಾಕೆ ಅಂತ ಕೇಳಿದೆ. ನಾನು ಬ್ರೇಕ್ ತುಳಿದಿದ್ದೆ, ಚಕ್ರಗಳು ರಸ್ತೆಯನ್ನು ಕಚ್ಚಿ ಹಿಡಿದಿದ್ದವು. ಕ್ಯಾಂಟರ್ ಗುದ್ದಿದಾಗ ಚಾಸಿ ಮುಂದಕ್ಕೆ ನೆಗೆಯಿತು, ಆಕ್ಸಲ್ ಮಾತ್ರ ಇದ್ದಲ್ಲೇ ಉಳಿಯಿತು. ಎರಡರ ನಡುವೆ ಸಿಕ್ಕ ಬೆರಳು ದಪ್ಪದ ಬೋಲ್ಟು ಕತ್ತರಿಸಿತು. ಯು ಬೋಲ್ಟ್‌ಗಳು ಬಿಗಿಯಾಗಿದ್ದರಿಂದ ಆಕ್ಸಲ್ ಕಳಚಿ ಬೀಳಲಿಲ್ಲ, ಜರುಗಿ ಕೂತಿತು.

ಇನ್ನೊಂದು ಮಾತು. 'ಸ್ಪೀಡ್ ಏನೂ ಇರಲಿಲ್ಲ ಬಿಡಿ' ಅನ್ನೋದನ್ನ ನಂಬಬೇಡಿ. ಗುದ್ದುವ ಗಾಡಿಯ ವೇಗ 20ರಿಂದ 40 ಕಿ.ಮೀ. ಆದರೆ ಅದರಲ್ಲಿರುವ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತೆ. ಅದರ ಜೊತೆ ಕ್ಯಾಂಟರ್ ತೂಕ, ನಿಮ್ಮ ಲೋಡಿನ ತೂಕ ಸೇರಿಸಿ ಲೆಕ್ಕ ಹಾಕಿ.

ರಸ್ತೆಯಲ್ಲೇ ಮಾಡಬೇಕಾದದ್ದು

ಮೊದಲು ಪಾರ್ಕಿಂಗ್ ಲೈಟ್ ಹಾಕಿ, ರಿಫ್ಲೆಕ್ಟರ್ ತ್ರಿಕೋನ ಇದ್ದರೆ ಹಿಂದೆ ದೂರದಲ್ಲಿ ಇಡಿ. ಎರಡು ಗಾಡಿಗಳ ಮಧ್ಯೆ ಮಾತ್ರ ಯಾರೂ ನಿಲ್ಲಬೇಡಿ. ಕತ್ತಲಲ್ಲಿ ಮೂರನೇ ಗಾಡಿ ಬಂದು ಗುದ್ದೋದು ಹೊಸದೇನಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ 112ಕ್ಕೆ ಫೋನ್ ಮಾಡಿ, ಗಾಡಿ ವಿಚಾರ ಆಮೇಲೆ.

ಗಾಡಿಗಳನ್ನು ಬೇರೆ ಮಾಡುವ ಮುಂಚೆ ವಿಡಿಯೊ ತೆಗೀರಿ. ಎರಡೂ ನಂಬರ್ ಪ್ಲೇಟು, ತಾಗಿರುವ ಜಾಗ, ರಸ್ತೆ ಮೇಲಿನ ಟೈರ್ ಗುರುತು, ಪಕ್ಕದ ಕಿಲೋಮೀಟರ್ ಕಲ್ಲು ಅಥವಾ ಬೋರ್ಡು ಎಲ್ಲ ಒಂದೇ ಓಟದಲ್ಲಿ ಬರಲಿ. ಎದುರಿನವರ ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಪಾಲಿಸಿ ಫೋಟೊ ತೆಗೆದುಕೊಳ್ಳಿ. ನಾನು ತೆಗೆದಿದ್ದು ನನ್ನ ಟೈಲ್ ಲ್ಯಾಂಪಿನ ಒಂದೇ ಒಂದು ಫೋಟೊ, ಅದೂ ಮಸುಕು.

ಮುಂದಕ್ಕೆ ಓಡಿಸಬಹುದೋ ಇಲ್ಲವೋ ಅನ್ನೋದಕ್ಕೆ ನಾಲ್ಕು ನೋಟ ಸಾಕು. ಕೆಳಗೆ ಡೀಸೆಲ್ಲೋ ಎಣ್ಣೆಯೋ ತೊಟ್ಟಿಕ್ಕುತ್ತಿದೆಯಾ, ಬ್ರೇಕ್ ಪೆಡಲ್ ಎಂದಿನ ಎತ್ತರದಲ್ಲೇ ಗಟ್ಟಿ ನಿಲ್ಲುತ್ತಾ, ಹಿಂದಿನ ಟೈರು ಬಾಡಿಗೆ ತಾಗುತ್ತಿದೆಯಾ, ಬ್ರೇಕ್ ಲೈಟು ಬರ್ತಿದೆಯಾ. ಒಂದಕ್ಕೆ ಸಂಶಯ ಬಂದರೂ ಬೇರೆ ಪಿಕಪ್ ಕರೆಸಿ ಮಾಲು ಬದಲಾಯಿಸಿ. ಹರಾಜು ನಾಳೆಯೂ ಇರುತ್ತೆ.

ತೊಳೆಯೋ ಮುಂಚೆ ನೋಡಿ

ಮನೆಗೆ ಬಂದ ಕೂಡಲೇ ಗಾಡಿಗೆ ನೀರು ಹೊಡೆಯೋದು ನಮ್ಮೆಲ್ಲರ ಅಭ್ಯಾಸ. ಈ ಒಂದು ಸಲ ಬೇಡ. ಗಾಡಿ ಕೆಳಗಿನ ಕೆಸರೇ ನಿಮಗೆ ಸಾಕ್ಷಿ. ತಿಂಗಳುಗಟ್ಟಲೆ ಒಣಗಿ ಕೂತ ಮಣ್ಣು, ಕಬ್ಬಿಣ ಅಲುಗಾಡಿದ ಕಡೆ ಮಾತ್ರ ಹಪ್ಪಳದ ಹಾಗೆ ಉದುರಿರುತ್ತೆ. ಬೋಲ್ಟಿನ ಸುತ್ತ, ಬ್ರಾಕೆಟ್ ಚಾಸಿಗೆ ಸೇರುವ ಅಂಚಿನಲ್ಲಿ ಅರ್ಧಚಂದ್ರದ ಥರ ಹೊಳೆಯುವ ಹೊಸ ಕಬ್ಬಿಣ ಕಂಡರೆ ಅಲ್ಲಿ ಏನೋ ಜರುಗಿದೆ ಅಂತಲೇ ಅರ್ಥ. ಹಳೇ ತುಕ್ಕು ಕಂದು, ಹೊಸ ಬಿರುಕಿನ ತುಕ್ಕು ಕಿತ್ತಳೆ ಬಣ್ಣ. ಪೇಂಟು ಒಂದೇ ಸಾಲಿನಲ್ಲಿ ಚಕ್ಕೆ ಎದ್ದಿದ್ದರೆ ಅದರ ಕೆಳಗಿನ ಲೋಹ ಬಗ್ಗಿದೆ. ಎಲ್ಲವನ್ನೂ ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೊ ತೆಗೀರಿ. ದೂರದ ಫೋಟೊ ಇಲ್ಲದಿದ್ದರೆ ಆಮೇಲೆ ಯಾವ ಜಾಗ ಅಂತ ನಿಮಗೇ ಗೊತ್ತಾಗಲ್ಲ.

ಇದಾದ ಮೇಲೆ ತೊಳೀರಿ. ಒಣಗಿದ ಮೇಲೆ ಇನ್ನೊಂದು ಸಲ ನೋಡಿ. ಈಗ ಹುಡುಕೋದು ಕೂದಲೆಳೆ ಬಿರುಕು, ಚಾಸಿಯ ಪಕ್ಕದಲ್ಲಿ ಸೀರೆ ನೆರಿಗೆ ಥರ ಎದ್ದ ಅಲೆ, ದುಂಡಗಿರಬೇಕಾದ ತೂತು ಮೊಟ್ಟೆ ಆಕಾರಕ್ಕೆ ಬಂದಿರೋದು. ಆಕ್ಸಲ್ ಮೇಲಿನ ತಿರುವು, ಹಿಂದಿನ ಶ್ಯಾಕಲ್ ಬ್ರಾಕೆಟ್ ಹತ್ತಿರ ಕೈಯಿಂದ ಸವರಿ. ಕಣ್ಣಿಗೆ ಕಾಣದ ನೆರಿಗೆ ಬೆರಳಿಗೆ ಸಿಗುತ್ತೆ.

ಕೆಳಗೆ ಹೋಗುವಾಗ ಎಚ್ಚರ. ಬರೀ ಜಾಕಿಯ ಮೇಲೆ ನಂಬಿಕೆ ಇಟ್ಟು ಗಾಡಿ ಕೆಳಗೆ ನುಸುಳಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಮರದ ದಿಮ್ಮಿ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ. ಗುದ್ದಿಸಿಕೊಂಡ ಗಾಡಿಯಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಅಂತ ಇನ್ನೂ ಗೊತ್ತಿಲ್ಲ ತಾನೇ.

ಮೂಲೆಯಿಂದ ಮೂಲೆಗೆ ಟೇಪು

ಮನೆ ಪಾಯ ಹಾಕುವಾಗ ಗಾರೆ ಮೇಸ್ತ್ರಿ ಏನು ಮಾಡ್ತಾರೆ? ಈ ಮೂಲೆಯಿಂದ ಆ ಮೂಲೆಗೆ ಟೇಪು ಹಿಡೀತಾರೆ, ಆಮೇಲೆ ಇನ್ನೆರಡು ಮೂಲೆಗೆ ಹಿಡೀತಾರೆ. ಎರಡೂ ಅಳತೆ ಒಂದೇ ಬಂದರೆ ಮೂಲೆಮಟ್ಟ ಸರಿ ಇದೆ, ಬರದಿದ್ದರೆ ಕೋಣೆ ಸೊಟ್ಟ. ಚಾಸಿಗೂ ಅದೇ ಲೆಕ್ಕ.

ಸಿಮೆಂಟ್ ಹಾಕಿದ ಕಣ ಇದ್ದರೆ ಬಹಳ ಒಳ್ಳೇದು. ಗಾಡಿ ಖಾಲಿ ಇರಲಿ, ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಮುಂದಿನ ಚಕ್ರ ನೇರ ಇಟ್ಟು ನಿಲ್ಲಿಸಿ. ಈಗ ಚಾಸಿಯ ಎಡ ಬಲ ಎರಡೂ ಕಂಬಿಯಲ್ಲಿ ಒಂದಕ್ಕೊಂದು ಜೋಡಿಯಾಗಿರುವ ಜಾಗ ಹುಡುಕಿ. ಒಂದು ಜೋಡಿ ಮುಂದಿನ ಚಕ್ರದ ಹಿಂದೆ, ಕಂಪನಿಯವರೇ ಕೊರೆದ ತೂತು ಆಗಬಹುದು. ಎರಡನೇ ಜೋಡಿ ಹಿಂದಿನ ಸ್ಪ್ರಿಂಗಿನ ಮುಂದಿನ ಪಿನ್. ಮೂರನೇ ಜೋಡಿ ಅದೇ ಸ್ಪ್ರಿಂಗಿನ ಹಿಂದಿನ ಬ್ರಾಕೆಟ್, ಚಾಸಿಗೆ ಸೇರಿರೋ ಭಾಗ. ನೇತಾಡುವ ಶ್ಯಾಕಲ್ ಅನ್ನು ತೆಗೆದುಕೊಳ್ಳಬೇಡಿ, ಅದು ಅಲುಗಾಡುತ್ತೆ. ಆರೂ ಜಾಗದಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕೆ ಹಾಕಿ. ಗಾಳಿ ಬೀಸುವ ಹೊತ್ತಲ್ಲಿ ಈ ಕೆಲಸ ಆಗಲ್ಲ, ಬೆಳಿಗ್ಗೆಯೇ ಮಾಡಿ.

ಗಾಡಿಯನ್ನು ಆಚೆ ತೆಗೀರಿ. ನೆಲದ ಮೇಲೆ ಆರು ಚುಕ್ಕೆ ಉಳಿಯುತ್ತವಲ್ಲ, ಅದೇ ನಿಮ್ಮ ಚಾಸಿಯ ನಕ್ಷೆ. ಮುಂದಿನ ಎಡ ಚುಕ್ಕೆಯಿಂದ ಹಿಂದಿನ ಬಲ ಚುಕ್ಕೆಗೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳೀರಿ. ಮೂಲೆಗೆ ಗುದ್ದು ಬಿದ್ದರೆ ಒಂದು ಕಂಬಿ ಮುಂದಕ್ಕೆ ಹೋಗಿ ಚಾಸಿ ಪತಂಗದ ಆಕಾರಕ್ಕೆ ಬಂದಿರುತ್ತೆ, ಆಗ ಎರಡು ಅಳತೆ ಬೇರೆ ಬೇರೆ ಬರುತ್ತೆ. ಮುಂದಿನ ನಾಲ್ಕು ಚುಕ್ಕೆಗೆ ಒಂದು ಸಲ, ಹಿಂದಿನ ನಾಲ್ಕಕ್ಕೆ ಒಂದು ಸಲ ಹೀಗೇ ಮಾಡಿದರೆ ಸೊಟ್ಟ ಎಲ್ಲಿಂದ ಶುರು ಅಂತಲೂ ಸಿಗುತ್ತೆ.

ಆಮೇಲೆ ಪ್ರತಿ ಜೋಡಿಯ ನಟ್ಟನಡುವೆ ಒಂದು ಗುರುತು ಹಾಕಿ. ಮೂರು ಗುರುತು ಆಯ್ತು. ಮುಂದಿನ ಎರಡರ ಮೇಲೆ ದಾರ ಎಳೆದು ಹಿಂದಕ್ಕೂ ಚಾಚಿ. ಮೂರನೇ ಗುರುತು ದಾರದ ಮೇಲೇ ಬರಬೇಕು. ಎಡಕ್ಕೋ ಬಲಕ್ಕೋ ಬಿದ್ದರೆ ಚಾಸಿಯ ಬಾಲ ಆ ಕಡೆ ಬಗ್ಗಿದೆ. ಮೇಲೆ ಕೆಳಗೆ ಬಗ್ಗಿದ್ದನ್ನು ತೂಗುಗುಂಡು ಹೇಳಲ್ಲ. ಅದಕ್ಕೆ ಗಾಡಿಯ ಹಿಂದೆ ಕೂತು, ಎತ್ತಿನ ಗಾಡಿಯ ಮೂಕಿ ನೇರ ಇದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡ್ತಿದ್ದರಲ್ಲ, ಹಾಗೆ ಒಂದೊಂದೇ ಕಂಬಿಯ ಉದ್ದಕ್ಕೂ ನೋಡಿ. ಎಡ ಬಲ ಎರಡನ್ನೂ ಹೋಲಿಸಿ.

ಅಳತೆಯಲ್ಲಿ ಮೂರ್ನಾಲ್ಕು ಮಿ.ಮೀ. ವ್ಯತ್ಯಾಸ ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಟೇಪು ಹಿಡಿಯೋದರಲ್ಲೇ, ಚುಕ್ಕೆ ಹಾಕೋದರಲ್ಲೇ ಅಷ್ಟು ಹೋಗುತ್ತೆ. ಎರಡು ಸಲ ಅಳೆದರೂ 10 ಮಿ.ಮೀ. ದಾಟುತ್ತಿದ್ದರೆ ನಾನಾಗಿದ್ದರೆ ಆ ಗಾಡಿಗೆ ಲೋಡ್ ಹಾಕಲ್ಲ. ಮಧ್ಯದಲ್ಲಿ ಬಂದರೆ ಚಾಸಿ ಕೆಲಸ ಗೊತ್ತಿರುವವರಿಗೆ ತೋರಿಸಿ.

ಕೊನೆಗೆ ಗಾಡಿ ನಿಂತಿದ್ದ ಹಾಗೆಯೇ ಎಡಗಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೀರಿ, ಬಲಗಡೆಯೂ ಅಳೀರಿ. ನನ್ನ ಗಾಡೀಲಿ ಚಾಸಿಯ ಮೂಲೆ ಅಳತೆ ಹೆಚ್ಚುಕಡಿಮೆ ಸರಿಯಿತ್ತು, ಆದರೆ ಈ ಅಳತೆಯಲ್ಲಿ 14 ಮಿ.ಮೀ. ಸಿಕ್ಕಿತು. ಚಾಸಿ ಸರಿ, ಚಕ್ರದ ಅಂತರ ತಪ್ಪು ಅಂದರೆ ಜರುಗಿರೋದು ಆಕ್ಸಲ್.

ಟೇಪು ಇಲ್ಲದೆ ಇದನ್ನೇ ನೋಡಬೇಕಂದರೆ ಹದವಾದ ಕೆಸರು ಇರುವ ಹೊಲದ ದಾರಿಯಲ್ಲಿ ಸ್ಟೀರಿಂಗ್ ನೇರ ಹಿಡಿದು ಇಪ್ಪತ್ತು ಅಡಿ ಮೆಲ್ಲಗೆ ಓಡಿಸಿ. ಹಿಂದಿನ ಟೈರಿನ ಅಚ್ಚು ಮುಂದಿನ ಟೈರಿನ ಅಚ್ಚಿಗಿಂತ ಎಡಗಡೆ ಎಷ್ಟು ಒಳಕ್ಕೋ ಹೊರಕ್ಕೋ ಇದೆಯೋ ಬಲಗಡೆಯೂ ಅಷ್ಟೇ ಇರಬೇಕು. ಒಂದು ಕಡೆ ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ ಬಂದಿದ್ದರೆ ಗಾಡಿ ಏಡಿಯ ಹಾಗೆ ಅಡ್ಡಡ್ಡ ನಡೀತಿದೆ.

ಸ್ಪ್ರಿಂಗ್, ಆಕ್ಸಲ್, ಬ್ರೇಕ್

ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಒಂದಕ್ಕೊಂದು ಹಿಡಿದಿರೋದು ನಡುವಿನ ಸೆಂಟರ್ ಬೋಲ್ಟ್. ಅದರ ತಲೆ ಆಕ್ಸಲ್ ಮೇಲಿನ ಕುಳಿಯಲ್ಲಿ ಕೂತಿರುತ್ತೆ. ಯು ಬೋಲ್ಟ್‌ಗಳ ನಡುವೆ ಮುಚ್ಚಿಕೊಂಡಿರುವುದರಿಂದ ಕತ್ತರಿಸಿದ್ದರೂ ಹೊರಗಿನಿಂದ ಕಾಣಲ್ಲ. ಆದರೆ ಸುಳಿವು ಸಿಗುತ್ತೆ. ಪಟ್ಟಿಗಳ ಅಂಚು ಒಂದೇ ಸಾಲಿನಲ್ಲಿ ಇಲ್ಲದೆ ಮೆಟ್ಟಿಲಿನ ಥರ ಜರುಗಿರುತ್ತೆ, ಅಥವಾ ಯು ಬೋಲ್ಟ್ ಪಕ್ಕದಲ್ಲಿ ತಾಜಾ ಉಜ್ಜಿದ ಗುರುತು ಇರುತ್ತೆ. ಎರಡೂ ಶ್ಯಾಕಲ್ ಒಂದೇ ಓರೆಯಲ್ಲಿ ನೇತಾಡುತ್ತಿವೆಯಾ ನೋಡಿ. ಒಂದು ನೆಟ್ಟಗೆ, ಒಂದು ಓರೆ ಅಂದರೆ ಚಾಸಿಯ ಬ್ರಾಕೆಟ್ಟೋ ಆಕ್ಸಲ್ಲೋ ಜಾಗ ಬಿಟ್ಟಿದೆ. ಬುಷ್ ರಬ್ಬರ್ ಒಂದು ಕಡೆ ಹಿಂಡಿಕೊಂಡು ಹೊರಗೆ ಬಂದಿದ್ದರೂ ಅದೇ ಕಥೆ.

ಆಕ್ಸಲ್ ಹಿಂದೆ ಹೋಯ್ತು ಅಂದರೆ ಪ್ರೊಪೆಲ್ಲರ್ ಶಾಫ್ಟ್, ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಹೋಸು ಇವೆಲ್ಲ ಎಳೆದುಕೊಂಡಿರುತ್ತವೆ. ಒಂದು ನಿರ್ದಿಷ್ಟ ಸ್ಪೀಡಿನಲ್ಲಿ ಮಾತ್ರ ಗಾಡಿ ಗುರ್ ಅಂತ ನಡುಗುತ್ತೆ, ದಾಟಿದರೆ ನಿಲ್ಲುತ್ತೆ ಅಂದರೆ ಶಾಫ್ಟ್, ಅದರ ಕ್ರಾಸ್ ಜಾಯಿಂಟ್, ನಡುವಿನ ಬೇರಿಂಗ್ ನೋಡಿಸಿ. ಡಿಫರೆನ್ಷಿಯಲ್ ಮುಂಭಾಗದಲ್ಲಿ, ಚಕ್ರದ ಒಳಭಾಗದಲ್ಲಿ ಎಣ್ಣೆ ಒಸರಿದೆಯಾ ನೋಡಿ. ಡ್ರಮ್ಮಿಗೆ ಎಣ್ಣೆ ಇಳಿದರೆ ಆ ಕಡೆ ಬ್ರೇಕ್ ಹಿಡಿಯಲ್ಲ.

ಬ್ರೇಕ್ ಪೈಪು ಚಾಸಿಯ ಒಳಗೆ ಕ್ಲಿಪ್‌ಗಳಲ್ಲಿ ಕೂತು ಹಿಂದಕ್ಕೆ ಹೋಗುತ್ತೆ. ಕ್ಲಿಪ್ ಬಿಟ್ಟರೆ ಪೈಪು ಕಬ್ಬಿಣಕ್ಕೆ ಉಜ್ಜುತ್ತಾ ತಿಂಗಳಾನುಗಟ್ಟಲೆ ಸವೆದು, ಒಂದು ದಿನ ಜೋರಾಗಿ ತುಳಿದಾಗ ತೂತಾಗುತ್ತೆ. ಪೂರ್ತಿ ಉದ್ದ ಟಾರ್ಚ್ ಹಿಡಿದು ನೋಡಿ. ಇಂಜಿನ್ ಚಾಲೂ ಇಟ್ಟು ಪೆಡಲ್ ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಕಾಲಿನಡಿ ಅದು ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಕೆಲವು ಗಾಡಿಗಳಲ್ಲಿ ಆಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ಕಡ್ಡಿ ಜೋಡಿಸಿದ ವಾಲ್ವ್ ಇರುತ್ತೆ. ಲೋಡಿಗೆ ಚಾಸಿ ಎಷ್ಟು ಕೆಳಗಿಳಿದಿದೆ ಅನ್ನೋದರ ಮೇಲೆ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಕೊಡಬೇಕು ಅಂತ ಅದು ಸರಿಮಾಡುತ್ತೆ. ಆ ಕಡ್ಡಿ ಬಗ್ಗಿದರೆ ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಬಹುದು, ಇಲ್ಲವೇ ಲೋಡ್ ಇದ್ದಾಗ ಬ್ರೇಕ್ ಸಾಲದೇ ಹೋಗಬಹುದು. ಟಿಂಕರಿಂಗ್ ಮಾಡೋರು ಇದನ್ನು ಮುಟ್ಟಿಯೂ ನೋಡಲ್ಲ.

ಉಳಿದದ್ದು

ಕ್ಯಾಬಿನ್‌ಗೂ ಲೋಡ್ ಬಾಡಿಗೂ ನಡುವಿನ ಸಂದು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಒಂದೇ ಇರಬೇಕು. ಗುದ್ದಿದ ಗಾಡಿ ಎತ್ತರದ್ದಾದರೆ ಚಾಸಿಗೆ ತಾಗದೆ ಬಾಡಿಗೇ ತಾಗಿ, ಬಾಡಿಯನ್ನು ಕ್ಲಾಂಪ್ ಸಮೇತ ಮುಂದಕ್ಕೆ ತಳ್ಳಿರುತ್ತೆ. ಕ್ಯಾಬಿನ್ ಬಾಗಿಲು ಹಾಕುವಾಗ ಮೊದಲಿನ ಸದ್ದು ಬರ್ತಿದೆಯಾ ಗಮನಿಸಿ. ಗೇರ್ ಹಾಕಲು ಬಿಗಿಯಾಗಿದ್ದರೆ ಗೇರ್‌ಬಾಕ್ಸ್ ರಬ್ಬರ್ ನೋಡಿ. ಬಾನೆಟ್ ಎತ್ತಿ ಫ್ಯಾನು ರೇಡಿಯೇಟರ್ ಮುಚ್ಚಳಕ್ಕೆ ತಾಗಿದ ಗುರುತಿದೆಯಾ ನೋಡಿ, ಇಂಜಿನ್ ಕೂಡ ಆ ಕ್ಷಣಕ್ಕೆ ಹಿಂದೆ ಮುಂದೆ ಹೋಗಿಬಂದಿರುತ್ತೆ. ಡೀಸೆಲ್ ಟ್ಯಾಂಕಿನ ಪಟ್ಟಿ ಸಡಿಲ ಆಗಿದೆಯಾ, ಟ್ಯಾಂಕ್ ಫುಲ್ ಮಾಡಿದಾಗ ವಾಸನೆ ಬರುತ್ತಾ ಅನ್ನೋದೂ ಮುಖ್ಯ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿ ಆದರೆ ಸೈಲೆನ್ಸರ್ ಪೈಪಿನ ಸೆನ್ಸರ್ ವೈರುಗಳನ್ನೂ ನೋಡಿ.

ವೈರಿಂಗ್ ಮಳೆಗಾಲದಲ್ಲಿ ಕೈ ಕೊಡುತ್ತೆ. ಬ್ರೇಕ್ ತುಳಿದಾಗ ಟೈಲ್ ಲ್ಯಾಂಪ್ ಮಂಕಾಗೋದು, ಇಂಡಿಕೇಟರ್ ಟಕಟಕ ಅಂತ ವೇಗವಾಗಿ ಮಿನುಗೋದು ಇದ್ದರೆ ಬಲ್ಬ್ ಬದಲಾಯಿಸಿ ಸುಮ್ಮನಾಗಬೇಡಿ, ಅರ್ಥ್ ವೈರು ಮತ್ತು ಚಾಸಿ ಒಳಗಿನ ಕಟ್ಟು ಜಜ್ಜಿದೆಯಾ ಅಂತ ನೋಡಿಸಿ.

ಸೀಟಿನ ಬೆನ್ನು ಹಿಂದಕ್ಕೆ ವಾಲಿದ್ದರೆ ಅದರ ಕೊಂಡಿ ಬಗ್ಗಿದೆ. ಹಾಗೇ ನಿಮ್ಮ ಕುತ್ತಿಗೆ. ಹಿಂದಿನಿಂದ ಗುದ್ದಿದಾಗ ಮೈ ಮುಂದಕ್ಕೆ ಹೋಗಿ ತಲೆ ಹಿಂದೆ ಉಳಿಯುತ್ತೆ, ನೋವು ಎಷ್ಟೋ ಸಲ ಮಾರನೇ ದಿನ ಶುರುವಾಗುತ್ತೆ. ಕೈ ಜೋಮು ಹಿಡಿಯೋದು, ತಲೆ ಸುತ್ತೋದು ಇದ್ದರೆ ಎಣ್ಣೆ ತಿಕ್ಕಿಸಿಕೊಳ್ಳೋಕೆ ಹೋಗದೆ ಡಾಕ್ಟರ್ ಹತ್ತಿರ ಹೋಗಿ. ಆ ಚೀಟಿಯೂ ದಾಖಲೆ.

ದುಡ್ಡಿನ ಮಾತು

ಹಿಂದಿನಿಂದ ಗುದ್ದಿಸಿಕೊಂಡ ನಮಗೆ ಎರಡು ದಾರಿ ಇದೆ. ನಿಮ್ಮ ಪಾಲಿಸಿಯಲ್ಲಿ ಸ್ವಂತ ಗಾಡಿಯ ಹಾನಿ ಸೇರಿದ್ದರೆ, ಅಂದರೆ ನಾವು ಫುಲ್ ಇನ್ಶೂರೆನ್ಸ್ ಅನ್ನೋದು, ನಿಮ್ಮ ಕಂಪನಿಯಲ್ಲೇ ಕ್ಲೇಮು ಹಾಕಬಹುದು. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಕಂಪನಿ ನಿಮ್ಮ ಗಾಡಿಗೆ ಒಂದು ರೂಪಾಯಿಯೂ ಕೊಡಲ್ಲ. ಗುದ್ದಿದವನ ಇನ್ಶೂರೆನ್ಸ್ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಅದಕ್ಕೆ ಪೊಲೀಸ್ ದಾಖಲೆ ಬೇಕು, ಮತ್ತು 2019ರ ತಿದ್ದುಪಡಿಯಾದ ಕಾಯ್ದೆಯಲ್ಲಿ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ.

ಸ್ವಂತ ಕ್ಲೇಮಿನಲ್ಲೂ ಪೂರ್ತಿ ಬರಲ್ಲ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಶೇ 50 ಸವಕಳಿ ಕಳೀತಾರೆ. ಗಾಜಿಗೆ ಕಳೆಯಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ, 3ರಿಂದ 4 ವರ್ಷದ ಗಾಡಿಗೆ ಶೇ 25, 5ರಿಂದ 10 ವರ್ಷದ್ದಕ್ಕೆ ಶೇ 40. ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ಸೂ ಹೋಗುತ್ತೆ. ಆದ್ದರಿಂದ ಬರೀ ಲ್ಯಾಂಪ್ ಒಡೆದಿದ್ದರೆ ಎದುರಿನವರಿಂದ ಕೈಯಲ್ಲಿ ತಗೊಳ್ಳೋದು ತಪ್ಪೇನಲ್ಲ. ಅಳತೆ ಆಗೋ ತನಕ ಕಾಯಿರಿ ಅನ್ನೋದಷ್ಟೇ ನನ್ನ ಮಾತು. ರಸ್ತೆಯಲ್ಲಿ ಯಾರಾದರೂ ಆತುರ ಪಡಿಸಿದರೆ "ಅಣ್ಣ, ಗಾಡಿ ಕೆಳಗೆ ನೋಡಿಸಿ ಎರಡು ದಿನದಲ್ಲಿ ಹೇಳ್ತೀನಿ" ಅನ್ನಿ. 'ತಕರಾರಿಲ್ಲ' ಅಂತ ಯಾವುದರಲ್ಲೂ ಬರೆಯಬೇಡಿ, ವಾಟ್ಸಾಪ್‌ನಲ್ಲೂ ಬೇಡ. ಕ್ಲೇಮು ಮಾಡ್ತೀರೋ ಬಿಡ್ತೀರೋ, ಇನ್ಶೂರೆನ್ಸ್‌ನವರಿಗೆ ಅದೇ ದಿನ ವಿಷಯ ತಿಳಿಸಿ ನಂಬರ್ ತಗೊಳ್ಳಿ. ನಾನು ಒಂಬತ್ತು ದಿನದ ಮೇಲೆ, ಗಾಡಿ ಓಡಿಸಿ, ರಾಜಿಯೂ ಮಾಡಿಕೊಂಡು ಹೋಗಿದ್ದೆ. ಏಜೆಂಟು ನಗಲಿಲ್ಲ ಅಷ್ಟೇ.

ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಬಿಚ್ಚಬೇಡಿ. ಅವರು ಬಂದಾಗ ನಿಮ್ಮ ಚುಕ್ಕೆಯ ಫೋಟೊ, ಅಳತೆ ತೋರಿಸಿ. ಬಿಚ್ಚಿದ ಮೇಲೆ ಇನ್ನೇನೋ ಒಡೆದಿದ್ದು ಸಿಕ್ಕಿದರೆ ರಿಪೇರಿ ನಿಲ್ಲಿಸಿ, ಅವರಿಗೆ ಮತ್ತೆ ತಿಳಿಸಿ, ಎಸ್ಟಿಮೇಟಿಗೆ ಸೇರಿಸಿ. ಕತ್ತರಿಸಿದ ಬೋಲ್ಟು, ಹಳೇ ಸಾಮಾನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ.

ರಿಪೇರಿ ಮಾಡಿಸುವಾಗ

ಬಗ್ಗಿದ ಚಾಸಿಯನ್ನು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಡಿದು ನೇರ ಮಾಡ್ತೀವಿ ಅಂದರೆ ಒಪ್ಪಬೇಡಿ. ಹಾಗೆ ಕಾಯಿಸಿದ ಜಾಗದಲ್ಲಿ ಆ ಉಕ್ಕಿನ ಬಲ ಹೋಗುತ್ತೆ, ನೋಡಲು ನೇರ ಇದ್ದರೂ ಮುಂದೆ ಲೋಡಿಗೆ ಅಲ್ಲೇ ಬಗ್ಗುತ್ತೆ. ಜಾಕಿ ಕಟ್ಟಿ ತಣ್ಣಗೇ ಎಳೆಯುವ ವ್ಯವಸ್ಥೆ ಇರುವ ಕಡೆ ಹೋಗಿ. ಗಾಡಿಗೆ ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟರಿ ಕಳಚಿಸಿ, ಇಸಿಎಂ ಇರುವ ಗಾಡಿಯಲ್ಲಿ ಅದರ ಪ್ಲಗ್ಗೂ ಕಳಚಿಸಿ. ಚಾಸಿ ನಂಬರ್ ಕೊರೆದಿರೋ ಜಾಗಕ್ಕೆ ಗ್ರೈಂಡರ್ ತಾಗಿಸೋಕೆ ಬಿಡಬೇಡಿ, ಎಫ್‌ಸಿಗೆ ಹೋದಾಗ ದೊಡ್ಡ ತಲೆನೋವು ಆಗುತ್ತೆ. ಯು ಬೋಲ್ಟ್ ಬಿಚ್ಚಿದರೆ ಹೊಸದೇ ಹಾಕಿಸಿ, ಹಳೇದು ಆಗಲೇ ಹಿಗ್ಗಿರುತ್ತೆ.

ಕೆಲಸ ಮುಗಿದ ಮೇಲೆ ಅದೇ ಕಣದಲ್ಲಿ ಅದೇ ಆರು ಚುಕ್ಕೆ ಮತ್ತೆ ಹಾಕಿ ಅಳೆದು ನೋಡಿ, ಆಮೇಲೆ ದುಡ್ಡು ಕೊಡಿ. ಮೊದಲ ಟ್ರಿಪ್ಪಿಗೆ ಅರ್ಧ ಲೋಡ್ ಸಾಕು. ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿಗೆ ಹುಷಾರಾಗಿ ಕೈ ಹತ್ತಿರ ಹಿಡಿಯಿರಿ. ಒಂದು ಮಾತ್ರ ವಿಪರೀತ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಎರಡು ಮೂರು ಲೋಡ್ ಆದ ಮೇಲೆ ಯು ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡಿಸಿ, ಹೊಸ ಬೋಲ್ಟು ಲೋಡಿಗೆ ಕೂತ ಮೇಲೆ ಸ್ವಲ್ಪ ಸಡಿಲ ಆಗೇ ಆಗುತ್ತೆ. ನನ್ನದಕ್ಕೆ ಮೂರನೇ ಲೋಡಿನ ನಂತರ ಸ್ಪ್ಯಾನರ್ ಹಾಕಿದಾಗ ಬಲಗಡೆಯ ಎರಡೂ ನಟ್ಟು ಕಾಲು ಸುತ್ತು ತಿರುಗಿದವು.